ಮೂವರು ಒಪ್ಪಿದರು, ನಾಲ್ಕನೆಯವರು ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ: ಸಾಲ ತೀರಿಸುವವರ ಮುಂದಿರುವ ದಾರಿಗಳು

ಉದಾಹರಣೆಗೆ ಒಂದು ಮನೆಯ ಲೆಕ್ಕ: ತಿಂಗಳ ಸಂಬಳ 37,000. ಬಾಡಿಗೆ, ರೇಷನ್ನು, ಮಕ್ಕಳ ಫೀಸು, ಮಾತ್ರೆ ಖರ್ಚು ಎಲ್ಲ ಕಳೆದು ಕೈಯಲ್ಲಿ ಉಳಿಯುವುದು 12,500. ಸಾಲ ನಾಲ್ಕು ಕಡೆ: ಫೈನಾನ್ಸ್ ಕಂಪನಿಯ ಪರ್ಸನಲ್ ಲೋನ್ 2,40,000, ಬ್ಯಾಂಕಿನ ಕ್ರೆಡಿಟ್ ಕಾರ್ಡ್ 1,20,000, ಮೊಬೈಲ್ ಆ್ಯಪ್ ಸಾಲ 80,000, ಪತ್ತಿನ ಸಹಕಾರ ಸಂಘದ್ದು 60,000. ಒಟ್ಟು ಐದು ಲಕ್ಷ. ಬಾಕಿಗೆ ತಕ್ಕಂತೆ ಹಂಚಿದರೆ ತಿಂಗಳಿಗೆ 6,000, 3,000, 2,000, 1,500. ಮೂರು ಕಡೆಯವರು ‘ಆಯ್ತು, ಹಾಗೇ ಕಟ್ಟಿ’ ಎಂದಿದ್ದಾರೆ. ಕಾರ್ಡಿನವರು ಮಾತ್ರ ಪೂರ್ತಿ ಕಟ್ಟಿ ಇಲ್ಲವೇ ಕೋರ್ಟಿಗೆ ಬನ್ನಿ ಎನ್ನುತ್ತಿದ್ದಾರೆ.

ಇಲ್ಲಿಂದ ಮುಂದೆ ಏನು ಎಂಬುದನ್ನು ಈ ಲೆಕ್ಕವನ್ನೇ ಎದುರಿಗಿಟ್ಟುಕೊಂಡು ನೋಡೋಣ. ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಬೇರೆ ಕೆಲವು ದೇಶಗಳಲ್ಲಿ ಬಹುಪಾಲು ಸಾಲ ಕೊಟ್ಟವರು ಒಪ್ಪಿದರೆ ಉಳಿದವರೂ ಅದಕ್ಕೆ ಕಟ್ಟುಬೀಳುವ ವ್ಯವಸ್ಥೆ ಇದೆ. ನಮ್ಮಲ್ಲಿ ಸಾಮಾನ್ಯ ಸಾಲಗಾರನಿಗೆ ಅಂಥದ್ದು ಜಾರಿಯಲ್ಲಿಲ್ಲ. ದಿವಾಳಿ ಸಂಹಿತೆಯ ವ್ಯಕ್ತಿಗಳ ಭಾಗ 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಹೀಗಾಗಿ ಕಡಿಮೆ ಕಂತಿಗೆ ಒಪ್ಪಿ ಎಂದು ಸಾಲ ಕೊಟ್ಟವರನ್ನು ಯಾರೂ ಬಲವಂತ ಮಾಡಲಾರರು. ನಿಮ್ಮ ಕೈಯಲ್ಲಿರುವುದು, ಅವರು ಯಾವ ಬಗೆಯಲ್ಲಿ ಅಡ್ಡ ನಿಂತಿದ್ದಾರೆ ಎಂದು ಗುರುತಿಸಿ ಅದಕ್ಕೆ ಸರಿಹೊಂದುವ ದಾರಿ ಹಿಡಿಯುವುದು.

ಯಾವುದರಿಂದ ಅಳೆಯಬೇಕು

ಒಂದನೆಯದು ಅಸಹಕಾರದ ಬಗೆ. ಕಡಿಮೆ ಕಂತು ಒಪ್ಪದಿರುವುದು ಅವರ ವ್ಯಾಪಾರದ ತೀರ್ಮಾನ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುವುದು, ಕಚೇರಿಗೆ ಬಂದು ಕೂಗಾಡುವುದು, ಬಂಧುಗಳಿಗೆ ಮೆಸೇಜ್ ಕಳಿಸುವುದು ನಿಯಮಭಂಗ. ಕಟ್ಟಿದ ಹಣ ಖಾತೆಗೆ ಜಮಾ ಆಗದಿರುವುದು, ಸ್ಟೇಟ್‌ಮೆಂಟ್ ಕೊಡದಿರುವುದು ಸೇವೆಯ ಕೊರತೆ. ನೋಟಿಸ್ ಕಳಿಸುವುದು ಕಾನೂನು ಕ್ರಮ. ಇವು ನಾಲ್ಕಕ್ಕೂ ಮದ್ದು ಬೇರೆ. ಬಹಳಷ್ಟು ಜನ ಮೊದಲನೆಯದಕ್ಕೆ ಎರಡನೆಯದರ ದೂರು ಕೊಟ್ಟು ವಾಪಸು ಬರುತ್ತಾರೆ.

ಎರಡನೆಯದು ಒತ್ತೆ ಮತ್ತು ಜಾಮೀನು. ಮನೆ, ವಾಹನ, ಒಡವೆ ಒತ್ತೆ ಇರುವ ಸಾಲವನ್ನು ಪಾಲು ಹಂಚುವ ಯೋಜನೆಗೆ ಸೇರಿಸಲೇಬೇಡಿ. ಅದರ ಕಂತು ಪೂರ್ತಿ ಹೋಗಲಿ, ಉಳಿದದ್ದನ್ನು ಹಂಚಿ. ಸಹಕಾರ ಸಂಘದ ಸಾಲಕ್ಕೆ ಸಾಮಾನ್ಯವಾಗಿ ಸಹೋದ್ಯೋಗಿಯೋ ನೆಂಟರೋ ಜಾಮೀನು ಹಾಕಿರುತ್ತಾರೆ. ಜಾಮೀನುದಾರರ ಹೊಣೆ ನಿಮ್ಮಷ್ಟೇ ದೊಡ್ಡದು. ಅದು ತಪ್ಪಿದರೆ ಊರಲ್ಲಿ ಮುಖ ತೋರಿಸುವುದು ಕಷ್ಟ. ಬಡ್ಡಿ ಕಡಿಮೆ ಇದ್ದರೂ ಆ ಕಂತನ್ನು ಮೊದಲ ಸಾಲಿನಲ್ಲೇ ಇಡಿ.

ಮೂರನೆಯದು ಅವರ ಮೇಲೆ ಯಾರಿದ್ದಾರೆ ಎಂಬುದು. ಬ್ಯಾಂಕು ಮತ್ತು ನೋಂದಾಯಿತ ಫೈನಾನ್ಸ್ ಕಂಪನಿಗಳ ಮೇಲೆ ರಿಸರ್ವ್ ಬ್ಯಾಂಕ್, ಪತ್ತಿನ ಸಂಘಗಳ ಮೇಲೆ ಸಹಕಾರ ಸಂಘಗಳ ನಿಬಂಧಕರು, ಲೇವಾದೇವಿಯವರ ಮೇಲೆ ರಾಜ್ಯ ಸರ್ಕಾರ. ಫೈನಾನ್ಸ್ ಕಂಪನಿಯ ಮೇಲೆ ರಾಜ್ಯದ ಲೇವಾದೇವಿ ಕಾಯ್ದೆಯಡಿ ದೂರು ಕೊಡಲು ಹೋಗಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಗಳಿಗೆ ಅಂಥ ಕಾಯ್ದೆ ಅನ್ವಯಿಸದು ಎಂದು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊನೆಯದು ನಿಮ್ಮ ಕಡೆಯದು. ಒಟ್ಟಿಗೆ ಕೊಡಲು ಹಣ ಹುಟ್ಟುವ ಸಂದರ್ಭ ಇದೆಯೇ? ಇನ್ನೆರಡು ಮೂರು ವರ್ಷದಲ್ಲಿ ಮನೆಸಾಲಕ್ಕೋ ಮಕ್ಕಳ ವಿದ್ಯಾಭ್ಯಾಸದ ಸಾಲಕ್ಕೋ ಅರ್ಜಿ ಹಾಕುವುದಿದೆಯೇ? ನಿಮ್ಮ ಸಹಿಯ ಖಾಲಿ ಚೆಕ್ ಅವರ ಬಳಿ ಇದೆಯೇ? ಸಂಬಳ ಬರುವುದು ಅದೇ ಬ್ಯಾಂಕಿಗೇ?

ಈ ಕಡೆಯ ಪ್ರಶ್ನೆಗೆ ಉತ್ತರ ಹೌದಾದರೆ, ಮುಂದೆ ಓದುವ ಮೊದಲು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಸಂಬಳವನ್ನು ಅಲ್ಲಿಗೆ ಹಾಕಿಸಿಕೊಳ್ಳಿ. ಒಂದೇ ಬ್ಯಾಂಕಿನಲ್ಲಿ ಸಾಲವೂ ಉಳಿತಾಯವೂ ಇದ್ದರೆ ಬಾಕಿಗೆ ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಒಂದನೇ ತಾರೀಖು ಸಂಬಳ ಬಂದು, ಎರಡನೇ ತಾರೀಖು ಖಾತೆ ಸೊನ್ನೆಯಾದರೆ ನಾಲ್ಕೂ ಕಂತು ಒಟ್ಟಿಗೆ ಬೀಳುತ್ತವೆ. ಯೋಜನೆಗಳು ಮುರಿಯುವುದು ಬಹುತೇಕ ಇಲ್ಲೇ.

ದಾರಿ ಒಂದು: ಒಪ್ಪದಿದ್ದರೂ ಪಾಲಿನಷ್ಟು ಕಟ್ಟುತ್ತಾ ಹೋಗುವುದು

ಖರ್ಚಿಲ್ಲದ ದಾರಿ. ಕೊಡುವ ಮನಸ್ಸಿದೆ ಎಂಬುದಕ್ಕೆ ಮುಂದೆ ಎಲ್ಲಿ ಹೋದರೂ ಇದೇ ಪುರಾವೆ. ಆದರೆ ಸಾಲದ ಬಗೆ ನೋಡಿ ಹಿಡಿಯಬೇಕು.

ನಮ್ಮ ಉದಾಹರಣೆಯ ಕಾರ್ಡ್ ನೋಡಿ. ತಿಂಗಳಿಗೆ ಶೇ. 3.5 ಬಡ್ಡಿ ಎಂದರೆ 1,20,000ಕ್ಕೆ 4,200. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 756. ಒಟ್ಟು 4,956. ನೀವು ಕಟ್ಟುವುದು 3,000. ತಪ್ಪದೆ ಕಟ್ಟಿದ ಮೇಲೂ ಮೊದಲ ತಿಂಗಳೇ ಸಾಲ 1,956 ರೂಪಾಯಿ ಬೆಳೆಯಿತು, ತಡಪಾವತಿ ಶುಲ್ಕ ಬೇರೆ. ಬಿಂದಿಗೆಗೆ ತೂತು ಇಟ್ಟುಕೊಂಡೇ ನೀರು ಹೊತ್ತ ಹಾಗೆ. ಅದೇ ಫೈನಾನ್ಸ್ ಕಂಪನಿಯ ಅವಧಿ ಸಾಲವಾದರೆ (ಇಷ್ಟು ತಿಂಗಳು, ಇಷ್ಟು ಕಂತು ಎಂದು ಗೊತ್ತು ಮಾಡಿದ ಸಾಲ) ಕಥೆ ಬೇರೆ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಕಂತು ತಪ್ಪಿದ್ದಕ್ಕೆ ಹಾಕುವುದು ದಂಡಶುಲ್ಕವೇ ಹೊರತು ದಂಡಬಡ್ಡಿಯಲ್ಲ, ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಹಾಕುವಂತಿಲ್ಲ. ಕ್ರೆಡಿಟ್ ಕಾರ್ಡಿಗೆ ಈ ನಿಯಮ ಇಲ್ಲ. ಕಾರ್ಡಿನ ಬಡ್ಡಿಗೆ ವರ್ಷಕ್ಕೆ ಶೇ. 30ರ ಮಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಹೇಳಿದ್ದನ್ನು 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಆದ್ದರಿಂದ ಕಾರ್ಡಿನವರ ಬಳಿ ‘ಕಂತು ಕಡಿಮೆ ಮಾಡಿ’ ಎಂದು ಕೇಳುವುದೇ ತಪ್ಪು ಬೇಡಿಕೆ. ‘ಬಾಕಿಯನ್ನೆಲ್ಲ ಅವಧಿ ಸಾಲಕ್ಕೆ ಬದಲಿಸಿ, ಕಾರ್ಡು ಬಂದ್ ಮಾಡಿ’ ಎಂದು ಕೇಳಿ. ವರ್ಷಕ್ಕೆ ಶೇ. 18ರಂತೆ 60 ತಿಂಗಳು ಸಿಕ್ಕರೆ ಕಂತು ಸುಮಾರು 3,050, ಬಡ್ಡಿಯ ಜಿಎಸ್‌ಟಿ ಸೇರಿ ಮೊದಲ ತಿಂಗಳು 3,370ರ ಆಸುಪಾಸು. ನಿಮ್ಮ ಯೋಜನೆಯ 3,000ಕ್ಕೂ ಇದಕ್ಕೂ ಅಂಥ ದೂರವಿಲ್ಲ. 36 ತಿಂಗಳೇ ಎಂದರೆ ಜಿಎಸ್‌ಟಿ ಬಿಟ್ಟು 4,340. ಆಗ ಉಳಿದ ಮೂವರ ಪಾಲಿನಿಂದ 1,300ಕ್ಕೂ ಹೆಚ್ಚು ಕತ್ತರಿಸಬೇಕಾಗುತ್ತದೆ. ಕಾಲ್ ಸೆಂಟರಿನವರು ‘ಆಗಲ್ಲ ಸರ್’ ಎಂದರೆ ಅಲ್ಲಿಗೆ ನಿಲ್ಲಿಸಬೇಡಿ. ಅವರಿಗೆ ಆ ಅಧಿಕಾರವೇ ಇರುವುದಿಲ್ಲ. ಸಂಬಳದ ಸ್ಲಿಪ್ಪು, ಆದಾಯ ಖರ್ಚಿನ ಒಂದು ಪುಟದ ಲೆಕ್ಕ, ಉಳಿದ ಮೂವರ ಒಪ್ಪಿಗೆ ಪತ್ರ ಇಷ್ಟನ್ನೂ ಸೇರಿಸಿ, ಸಂಸ್ಥೆಯಲ್ಲಿ ಗ್ರಾಹಕರ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಇಮೇಲ್ ಮಾಡಿ. ಮೂರು ಒಪ್ಪಿಗೆ ಕಂಡ ಮೇಲೆ ನಾಲ್ಕನೆಯವರು ಮೆತ್ತಗಾಗುವುದುಂಟು.

ಪಾಲಿನಷ್ಟು ಕಟ್ಟುವಾಗ ಇನ್ನೊಂದು ಸೂಕ್ಷ್ಮ. ಒಂದೇ ಸಂಸ್ಥೆಯಲ್ಲಿ ಎರಡು ಸಾಲವಿದ್ದರೆ ಹಣ ಯಾವ ಸಾಲಕ್ಕೆ ಎಂದು ಹೇಳುವ ಹಕ್ಕು ಕರಾರು ಕಾಯ್ದೆಯ 59ನೇ ಕಲಮಿನಂತೆ ನಿಮ್ಮದು. ನೀವು ಬಾಯಿ ಬಿಡದಿದ್ದರೆ ಆಯ್ಕೆ ಅವರದು. ಅದಕ್ಕೇ ನೆಫ್ಟ್ ಮಾಡುವಾಗ ಷರಾ ಜಾಗದಲ್ಲಿ ಸುಮ್ಮನೆ ‘ಲೋನ್’ ಎಂದು ಬರೆಯದೆ ಸಾಲದ ಖಾತೆಯ ಕೊನೆಯ ಆರು ಅಂಕಿ, ತಿಂಗಳು, ‘ಕಂತು’ ಎಂದು ಬರೆಯಿರಿ. ಅದರ ಸ್ಕ್ರೀನ್‌ಶಾಟ್ ಅಲ್ಲ, ಆ ಪಾವತಿಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ, ಯುಟಿಆರ್, ಇಟ್ಟುಕೊಳ್ಳಿ.

ಕಡಿಮೆ ಕಟ್ಟುವುದಾದರೆ ಆಟೋ ಡೆಬಿಟ್ ಏನಾಯಿತು ನೋಡಿ. ಅವರು 6,200 ಎಳೆಯಲು ಹೋಗಿ ಖಾತೆಯಲ್ಲಿ 3,000 ಇದ್ದರೆ ಬೌನ್ಸ್. ಎರಡೂ ಕಡೆ ಶುಲ್ಕ, ಅದರ ಮೇಲೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಚೆಕ್ ಬೌನ್ಸಿನಂಥದೇ ಕೇಸು. ಕಂತಿನ ದಿನಕ್ಕೆ ಮೊದಲೇ ಸಾಲ ಕೊಟ್ಟವರಿಗೆ ಬರವಣಿಗೆಯಲ್ಲಿ ತಿಳಿಸಿ, ಮ್ಯಾಂಡೇಟ್ (ಖಾತೆಯಿಂದ ಹಣ ಎಳೆಯಲು ನೀವು ಕೊಟ್ಟ ಒಪ್ಪಿಗೆ) ಬದಲಿಸಿಕೊಡಿ ಎಂದು ಕೇಳಿ.

ದಾರಿ ಎರಡು: ಮೊಂಡರನ್ನು ಮೊದಲು ಮುಗಿಸುವುದು

ಒಪ್ಪದವರ ಬಾಕಿಯೇ ಎಲ್ಲಕ್ಕಿಂತ ಸಣ್ಣದಾಗಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಅರವತ್ತು ಸಾವಿರದ ಸಾಲವಾದರೆ 12,500ರಂತೆ ಐದು ತಿಂಗಳಲ್ಲಿ ಹೆಚ್ಚುಕಡಿಮೆ ಮುಗಿಯಿತು. ತೊಂದರೆ ಉಳಿದವರದು. ಕಂತು 90 ದಿನ ದಾಟಿದರೆ ಸಾಲ ಅನುತ್ಪಾದಕ ಎಂದು ಗುರುತಾಗುತ್ತದೆ, ಒಪ್ಪಿಕೊಂಡಿದ್ದವರೂ ತಿರುಗಿ ಬೀಳುತ್ತಾರೆ. ಹಾಗಾಗಿ ಒಬ್ಬೊಬ್ಬರಿಗೆ ಎರಡು ಕಂತಿಗಿಂತ ಹೆಚ್ಚು ತಪ್ಪದ ಹಾಗೆ, ಮೊದಲೇ ಹೇಳಿ ಮಾಡಬೇಕು. ಲಕ್ಷ ದಾಟಿದ ಬಾಕಿಗೆ ಇದು ಹೊಂದುವುದಿಲ್ಲ.

ಒಡವೆ ಅಡವಿಟ್ಟು ಕಾರ್ಡು ತೀರಿಸುವುದೂ ಇದೇ ದಾರಿಯ ಕವಲು. ಬಡ್ಡಿ ಅರ್ಧಕ್ಕರ್ಧ ಇಳಿಯಬಹುದು, ನಿಜ. ಆದರೆ ಒತ್ತೆಯೇ ಇಲ್ಲದ ಸಾಲವನ್ನು ಹರಾಜಿಗೆ ಬರುವ ಸಾಲ ಮಾಡಿಕೊಂಡಿರಿ. ಆದಾಯ ಸ್ಥಿರವಾಗಿರುವವರು ಮಾಡಬಹುದು, ದಿನಗೂಲಿಯವರು ಬೇಡ. ಅದಕ್ಕಿಂತ ಬಳಸದ ಒಂದು ಒಡವೆ ಮಾರುವುದು ಮೇಲು, ಮನೆಯಲ್ಲಿ ಆ ಮಾತು ಎತ್ತುವುದು ಕಷ್ಟವಾದರೂ.

ದಾರಿ ಮೂರು: ಒಂದೇ ಸಲ ಕೊಟ್ಟು ಸೆಟ್ಲ್‌ಮೆಂಟ್

ಕಂತು ಒಪ್ಪದವರು ಎಷ್ಟೋ ಸಲ ಸೆಟ್ಲ್‌ಮೆಂಟಿಗೆ ಒಪ್ಪುತ್ತಾರೆ. ಮೂರು ತಿಂಗಳು ದಾಟಿದ ಮೇಲೆ, ಮಾರ್ಚ್ ಲೆಕ್ಕದ ಹೊತ್ತಿಗೆ, ಅವರೇ ಫೋನ್ ಮಾಡುವುದೂ ಉಂಟು. ಪಿಎಫ್, ಎಲ್ಐಸಿ, ಚೀಟಿ ಹಣ ಯಾವುದಾದರೂ ಬರುವುದಿದ್ದರೆ ಇದು ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ. ಬೆಲೆ ತೆರುವುದು ಕ್ರೆಡಿಟ್ ವರದಿಯಲ್ಲಿ. ‘ಮುಚ್ಚಲಾಗಿದೆ’ ಎಂಬುದರ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ, ಮನೆಸಾಲ ಕೊಡುವವರು ಅದನ್ನೇ ಮೊದಲು ನೋಡುತ್ತಾರೆ. ರಿಸರ್ವ್ ಬ್ಯಾಂಕಿನ 2023ರ ಜೂನ್ ಚೌಕಟ್ಟಿನಂತೆ ಕೃಷಿಯೇತರ ಸಾಲದಲ್ಲಿ ರಾಜಿ ಮಾಡಿಕೊಂಡವರಿಗೆ ಅದೇ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ.

ಎಡವುವುದು ಕಾಗದದಲ್ಲಿ. ಏಜೆಂಟ್ ವಾಟ್ಸ್ಆ್ಯಪಿನಲ್ಲಿ ‘72,000 ಕಟ್ಟಿ, ಮುಗೀತು’ ಎಂದದ್ದು ಸೆಟ್ಲ್‌ಮೆಂಟ್ ಅಲ್ಲ. ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ, ಅಥವಾ ಅದರ ಅಧಿಕೃತ ಇಮೇಲಿನಿಂದ, ಸಾಲದ ಸಂಖ್ಯೆ, ಒಪ್ಪಿದ ಮೊತ್ತ, ಕೊನೆಯ ದಿನಾಂಕ, ಮನ್ನಾ ಆದ ಮೊತ್ತ, ‘ಪೂರ್ಣ ಮತ್ತು ಅಂತಿಮ’ ಎಂಬ ಮಾತು, ಕೇಸಿದ್ದರೆ ವಾಪಸು ತೆಗೆಯುವ ಭರವಸೆ ಇಷ್ಟೂ ಇರಬೇಕು. ಹಣ ಸಾಲದ ಖಾತೆಗೇ ಹೋಗಬೇಕು, ಯಾರದೋ ಯುಪಿಐಗಲ್ಲ. ಎರಡು ಮೂರು ಕಂತಿನ ಸೆಟ್ಲ್‌ಮೆಂಟಿನಲ್ಲಿ ಒಂದು ತಪ್ಪಿದರೆ ರಾಜಿ ರದ್ದಾಗಿ ಪೂರ್ತಿ ಬಾಕಿ ಎದ್ದು ಕೂರುತ್ತದೆ. ಕೈಯಲ್ಲಿ ಮೊತ್ತ ಪೂರ್ತಿ ಇಲ್ಲದೆ ಸಹಿ ಹಾಕಬೇಡಿ. ಸಾಲವನ್ನು ಆಸ್ತಿ ಪುನರ್ರಚನಾ ಕಂಪನಿಗೆ (ವಸೂಲಾಗದ ಸಾಲಗಳನ್ನು ಕೊಳ್ಳುವ ಕಂಪನಿ) ಮಾರಿದ್ದೇವೆ ಎಂದರೆ, ವರ್ಗಾವಣೆಯ ಪತ್ರ ಹಳೆಯವರಿಂದಲೂ ಬರುವವರೆಗೆ ಹೊಸಬರಿಗೆ ಕಾಸು ಬಿಚ್ಚಬೇಡಿ.

‘ನಿಮ್ಮ ಸಾಲ ಅರ್ಧಕ್ಕೆ ಇಳಿಸುತ್ತೇವೆ, ಕಂತು ಕಟ್ಟುವುದು ನಿಲ್ಲಿಸಿ ನಮಗೆ ಫೀಸು ಕಟ್ಟಿ’ ಎನ್ನುವ ಮಧ್ಯವರ್ತಿ ಕಂಪನಿಗಳ ವಿಷಯ: ಅವರು ಮಾಡುವುದು ಮೇಲಿನ ಇಮೇಲುಗಳನ್ನೇ. ಕೇಸು ಬಿದ್ದರೆ ಬೀಳುವುದು ನಿಮ್ಮ ಮೇಲೆ.

ದಾರಿ ನಾಲ್ಕು: ದೂರು

ಕಿರುಕುಳಕ್ಕೂ ಲೆಕ್ಕದ ಗೊಂದಲಕ್ಕೂ ಇದೇ ಮದ್ದು, ಖರ್ಚೂ ಇಲ್ಲ. ರಿಸರ್ವ್ ಬ್ಯಾಂಕಿನ 2022ರ ಸುತ್ತೋಲೆಯ ಪ್ರಕಾರ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಇದು ಬೆಳಿಗ್ಗೆ 9ರಿಂದ ಸಂಜೆ 6. ಮನೆಗೆ ಬರುವ ಏಜೆಂಟ್ ಬಳಿ ಗುರುತಿನ ಚೀಟಿಯೂ ಅಧಿಕಾರ ಪತ್ರವೂ ಇರಬೇಕು. ಸಾಲದ ಆ್ಯಪ್ ನಿಮ್ಮ ಫೋನಿನ ಸಂಪರ್ಕ ಪಟ್ಟಿಗೆ ಕೈ ಹಾಕುವಂತಿಲ್ಲ.

ಮೊದಲು ಸಂಸ್ಥೆಗೇ ಬರೆಯಿರಿ. ‘ತುಂಬಾ ಹಿಂಸೆ ಕೊಡುತ್ತಿದ್ದಾರೆ’ ಎಂದರೆ ಸಾಲದು. ‘ಮಂಗಳವಾರ ಸಂಜೆ 7.40ಕ್ಕೆ ಈ ಸಂಖ್ಯೆಯಿಂದ ಕರೆ, 7.52ಕ್ಕೆ ನನ್ನ ಅತ್ತಿಗೆಯ ಫೋನಿಗೆ ಕರೆ, ಕಾಲ್ ಲಾಗ್ ಲಗತ್ತಿಸಿದೆ’ ಎಂದು ಬರೆದ ದೂರಿಗೆ ಉತ್ತರ ಕೊಡದೆ ಅವರಿಗೆ ಬೇರೆ ದಾರಿ ಇರುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಹಿಡಿಸದಿದ್ದರೆ, ಇಂಥ ದೂರು ವಿಚಾರಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್ ಮೂಲಕ ದೂರು. ಮಾಹಿತಿಗೆ 14448. ವಕೀಲರ ಮೂಲಕ ಹಾಕಿದರೆ ತಿರಸ್ಕಾರವಾಗುತ್ತದೆ, ನೀವೇ ಹಾಕಿ. ಅದೇ ವಿಷಯ ಕೋರ್ಟಿನಲ್ಲಿದ್ದರೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ದೂರು ಮೊದಲು, ಕೋರ್ಟು ಆಮೇಲೆ.

ಇದರ ಮಿತಿ ಮರೆಯಬೇಡಿ. ಸಂಸ್ಥೆಯ ವ್ಯಾಪಾರದ ತೀರ್ಮಾನದಲ್ಲಿ ಒಂಬುಡ್ಸ್‌ಮನ್ ಕೈ ಹಾಕುವುದಿಲ್ಲ. ‘3,000ದ ಕಂತು ಒಪ್ಪಿಸಿಕೊಡಿ’ ಎಂಬ ದೂರು ಅಲ್ಲಿ ನಿಲ್ಲದು. ‘ಕಟ್ಟಿದ 3,000 ಜಮಾ ಮಾಡಿಲ್ಲ’ ಎಂಬುದು ನಿಲ್ಲುತ್ತದೆ.

ಆ್ಯಪಿನ ಹಿಂದೆ ನೋಂದಾಯಿತ ಕಂಪನಿಯೇ ಇಲ್ಲದಿದ್ದರೆ, ಫೋಟೊ ತಿರುಚಿ ಹೆದರಿಸುತ್ತಿದ್ದರೆ, ಒಂಬುಡ್ಸ್‌ಮನ್ ಬಿಟ್ಟು ನೇರ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಠಾಣೆಗೆ ಹೋಗಿ. ಊರಿನ ಮೀಟರ್ ಬಡ್ಡಿಯವರಿಗೆ ಕರ್ನಾಟಕದಲ್ಲಿ 2004ರ ಅತಿಬಡ್ಡಿ ನಿಷೇಧ ಕಾಯ್ದೆ ಇದೆ. ಮೇಲೆ 2025ರಲ್ಲಿ ಬಂದ ಕಿರುಸಾಲ ಬಲವಂತದ ವಸೂಲಿ ತಡೆ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ.

ದಾರಿ ಐದು: ಲೋಕ ಅದಾಲತ್

ಹಠಮಾರಿ ಸಂಸ್ಥೆಯ ಜತೆ ಕಂತಿನ ಒಪ್ಪಂದ ಕುದುರಿಸಲು, ನನ್ನ ಮಟ್ಟಿಗೆ, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೇಸು ಬೀಳುವ ಮೊದಲೇ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಕೋರ್ಟ್ ಶುಲ್ಕವಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಅಲ್ಲಿಗೆ ಬರುವ ಅಧಿಕಾರಿಗೆ ರಾಜಿ ಮಾಡುವ ಅಧಿಕಾರ ಕೊಟ್ಟು ಕಳಿಸಿರುತ್ತಾರೆ, ಕಾಲ್ ಸೆಂಟರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಆದರೆ ಅದಾಲತ್ ಕೂಡ ಬಲವಂತ ಮಾಡಲಾರದು, ಇಬ್ಬರೂ ಒಪ್ಪಬೇಕು. ಒಪ್ಪಿ ಸಹಿ ಬಿದ್ದರೆ ಅದು ಡಿಕ್ರಿಗೆ, ಎಂದರೆ ಕೋರ್ಟಿನ ತೀರ್ಪಿನ ಆದೇಶಕ್ಕೆ, ಸಮ, ಮೇಲ್ಮನವಿ ಇಲ್ಲ. ಹಾಗಾಗಿ ಆವತ್ತಿನ ಗಡಿಬಿಡಿಯಲ್ಲಿ 5,000ಕ್ಕೆ ತಲೆ ಆಡಿಸಿ ಬಂದು ಮುಂದಿನ ತಿಂಗಳು ಕಟ್ಟಲಾಗದಿದ್ದರೆ ನೇರ ಜಪ್ತಿಗೆ ಹೋಗುತ್ತಾರೆ. ಕಟ್ಟಬಹುದಾದ ಗರಿಷ್ಠ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ, ಅದರ ಮೇಲೆ ಒಂದು ರೂಪಾಯಿಗೂ ಒಪ್ಪಬೇಡಿ.

ದಾರಿ ಆರು: ‘ಕೋರ್ಟಿಗೇ ಹೋಗಿ’ ಎಂದುಬಿಡುವುದು

ಕೇಳಲು ಭಂಡತನ ಅನ್ನಿಸಿದರೂ ಲೆಕ್ಕ ಹಾಕಿ ನೋಡಬೇಕಾದ ದಾರಿ. ಸಾಲ ಕಟ್ಟಲಾಗದ್ದು ಅಪರಾಧವಲ್ಲ, ಪೊಲೀಸರು ಅದಕ್ಕಾಗಿ ಹಿಡಿಯುವಂತಿಲ್ಲ. ದಾವೆ ಹಾಕಲು ಅವರಿಗಿರುವುದು ಮೂರು ವರ್ಷ. ಆ ಗಡುವು ಮುಗಿಯುವ ಮೊದಲು ನೀವು ಬರವಣಿಗೆಯಲ್ಲಿ ಸಾಲ ಒಪ್ಪಿಕೊಂಡರೆ ಮತ್ತೆ ಹೊಸದಾಗಿ ಮೂರು ವರ್ಷ. ನೀವೇ ಕಳಿಸುವ ‘ಕಂತು ಕಡಿಮೆ ಮಾಡಿ’ ಪತ್ರವೂ ಒಪ್ಪಿಗೆಯೇ.

ಡಿಕ್ರಿ ಆದರೆ ಸಂಬಳದಲ್ಲಿ ಮೊದಲ 1,000 ಮತ್ತು ಉಳಿದದ್ದರ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ. ನಮ್ಮ 37,000ದಲ್ಲಿ 25,000 ನಿಮ್ಮದು, 12,000 ಜಪ್ತಿಗೆ ಸಿಗುತ್ತದೆ. ಅಂದರೆ ಒಬ್ಬರ ಡಿಕ್ರಿಯೇ ನಾಲ್ವರಿಗೆಂದು ಇಟ್ಟ 12,500ನ್ನು ಬಹುತೇಕ ನುಂಗುತ್ತದೆ. ಆದ್ದರಿಂದ ತಿಂಗಳ ಸಂಬಳದವರಿಗೆ ಈ ದಾರಿ ದುಬಾರಿ. ಸಂಬಳವೂ ಸ್ವಂತ ಆಸ್ತಿಯೂ ಇಲ್ಲದವರಿಗೆ ಅಷ್ಟು ಭಯವಿಲ್ಲ.

ಸಮನ್ಸ್ ಬಂದರೆ ಹಾಜರಾಗಲೇಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 11ನೇ ನಿಯಮದಂತೆ ಡಿಕ್ರಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಕೇಳಬಹುದು. ಡಿಕ್ರಿಗೆ ಮೊದಲು ಕೇಳಿದರೆ ನ್ಯಾಯಾಧೀಶರೇ ಕೊಡಬಲ್ಲರು, ಆದ ಮೇಲೆ ಕೇಳಿದರೆ ಅದೇ ಮೊಂಡು ಸಂಸ್ಥೆಯ ಒಪ್ಪಿಗೆ ಬೇಕು. 37ನೇ ಆದೇಶದ ಸಂಕ್ಷಿಪ್ತ ದಾವೆಯಾದರೆ ಹಾಜರಿ ಹಾಕಲು ಇರುವುದು ಹತ್ತೇ ದಿನ. ಬಂದ ಕಾಗದ ಸಮನ್ಸೋ ಬೆದರಿಕೆಯೋ ಎಂದು ತಿಳಿಯಲು ಅದರಲ್ಲಿರುವ ಕೇಸ್ ಸಂಖ್ಯೆಯನ್ನು ಇಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಿ. ಕೇಸ್ ಸಂಖ್ಯೆಯೇ ಇಲ್ಲದೆ ಕೆಂಪಕ್ಷರದಲ್ಲಿ ‘ಅಂತಿಮ ಎಚ್ಚರಿಕೆ’ ಎಂದು ಬಂದದ್ದು ಬಹುತೇಕ ಎರಡನೆಯದು.

ಖಾಲಿ ಚೆಕ್ ಕೊಟ್ಟಿದ್ದರೆ ಈ ದಾರಿಯ ಲೆಕ್ಕವೇ ಬದಲು. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಶಿಕ್ಷೆ ಇರುವಂಥದ್ದು. ನೋಟಿಸ್ ಕೈಗೆ ಬಂದ 15 ದಿನದೊಳಗೆ ಚೆಕ್ಕಿನ ಮೊತ್ತ ಕಟ್ಟಿದರೆ ಕೇಸಿಲ್ಲ. ಅಂಥವರು ಐದನೆಯ ದಾರಿಗೇ ಬೇಗ ಹೋಗಲಿ. ಫೈನಾನ್ಸ್ ಕಂಪನಿಗಳು ಮಧ್ಯಸ್ಥಿಕೆ ನೋಟಿಸನ್ನೂ (ಕೋರ್ಟಿನ ಬದಲು ಮಧ್ಯಸ್ಥಗಾರನೊಬ್ಬನ ಮುಂದೆ ತೀರ್ಮಾನಕ್ಕೆ ಕರೆಯುವುದು) ಕಳಿಸುತ್ತವೆ. ಕಂಪನಿ ತಾನೊಬ್ಬನೇ ಆರಿಸಿದ ಮಧ್ಯಸ್ಥಗಾರನ ನೇಮಕ ನಿಲ್ಲದು ಎಂಬ 2019ರ ಸುಪ್ರೀಂ ಕೋರ್ಟ್ ತೀರ್ಪು ನಿಮ್ಮ ಪರವಾಗಿದೆ. ಆದರೆ ಸುಮ್ಮನಿದ್ದರೆ ಅದು ನೆರವಿಗೆ ಬರುವುದಿಲ್ಲ, ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕಳಿಸಬೇಕು.

ದಿವಾಳಿ ಅರ್ಜಿ ಎಂಬ ಏಳನೆಯದೂ ಇದೆ. ಕರ್ನಾಟಕದಲ್ಲಿ ಅದಕ್ಕೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. 500 ರೂಪಾಯಿ ಸಾಲಕ್ಕೂ ಅರ್ಜಿ ಹಾಕಬಹುದು ಎಂಬ ಅಂಕಿಯೇ ಅದರ ವಯಸ್ಸು ಹೇಳುತ್ತದೆ. ಇರುವ ಆಸ್ತಿಯೆಲ್ಲ ಕೋರ್ಟಿನ ಸುಪರ್ದಿಗೆ ಹೋಗುತ್ತದೆ. ಕೈಯಲ್ಲಿ ಏನೂ ಉಳಿದಿಲ್ಲದ, ಮುಂದೆ ಗಳಿಕೆಯೂ ಕಾಣದ ಸ್ಥಿತಿಯಲ್ಲಿ ಮಾತ್ರ ವಕೀಲರ ಜತೆ ಕುಳಿತು ಯೋಚಿಸುವ ವಿಷಯ.

ನಮ್ಮ 37,000ದ ಲೆಕ್ಕದವರು ಏನು ಮಾಡಲಿ? ಸಂಬಳದ ಖಾತೆ ಬದಲಿಸಿ, ಕಾರ್ಡಿನ ಬಾಕಿಯನ್ನು 60 ತಿಂಗಳ ಸಾಲ ಮಾಡಿ ಎಂದು ನೋಡಲ್ ಅಧಿಕಾರಿಗೆ ಬರೆದು, ಉತ್ತರಕ್ಕೆ ಕಾಯುವಾಗ 3,000 ಕಟ್ಟುತ್ತಿರಲಿ. ಒಂದು ತಿಂಗಳಲ್ಲಿ ಒಪ್ಪದಿದ್ದರೆ ಕಾನೂನು ಸೇವಾ ಕಚೇರಿಗೆ ಅರ್ಜಿ. ಬೆಳೆಯುವ ಬಡ್ಡಿಯ ಸಾಲದಲ್ಲಿ ಅದಕ್ಕಿಂತ ಹೆಚ್ಚು ಕಾಯುವುದು ನಷ್ಟ. ಚೀಟಿ ಹಣ ಬರುವುದಿದ್ದು, ಸದ್ಯ ಮನೆಸಾಲದ ಯೋಚನೆ ಇಲ್ಲದಿದ್ದರೆ ಅದಾಲತ್‌ನಲ್ಲೇ ಸೆಟ್ಲ್‌ಮೆಂಟ್ ಕೇಳಲಿ. ಅಲ್ಲಿಯ ಕಾಗದ ಏಜೆಂಟರ ಕಾಗದಕ್ಕಿಂತ ಗಟ್ಟಿ.

ಯಾವ ದಾರಿಯಲ್ಲಿ ಮುಗಿದರೂ ಬಾಕಿ ಇಲ್ಲ ಎಂಬ ಪತ್ರ ಮತ್ತು ಕೊಟ್ಟ ಚೆಕ್ಕುಗಳನ್ನು ವಾಪಸು ಪಡೆಯಿರಿ. ಒಂದೂವರೆ ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆಸಿ, ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕರಲ್ಲೂ ವರ್ಷಕ್ಕೊಂದು ವರದಿ ಉಚಿತ. ಇನ್ನೂ ಬಾಕಿ ತೋರಿಸುತ್ತಿದ್ದರೆ ಅಲ್ಲೇ ತಕರಾರು ದಾಖಲಿಸಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನಿಮಗೆ ಸಲ್ಲಬೇಕು.